ವಕ್ರದಂತವೂ ಸಂಸ್ಕಾರವೂ

ದೇಹವು ದೈವದತ್ತವೆಂದು ನಂಬುವವನು ಅದನ್ನು ತಿದ್ದಬಹುದೆ, ತಿದ್ದಬಹುದಾದರೆ ಎಲ್ಲಿಯವರೆಗೆ, ತಿದ್ದಿಸಿಕೊಂಡ ಮೇಲೆ ಅವನು ಮೊದಲಿನವನೇ ಆಗಿ ಉಳಿಯುವನೆ ಎಂಬ ಪ್ರಶ್ನೆಗಳನ್ನು ನಮ್ಮ ಹಿರಿಯರು ಮಠದ ಪಡಸಾಲೆಗಳಲ್ಲಿ ಕುಳಿತು ವಿಚಾರಮಾಡಿದ್ದಿರಬಹುದು. ನನ್ನ ಮುಂದೆ ಅವು ಬಂದು ನಿಂತದ್ದು ನಾಗಪುರದ ಬಜಾಜ್ ನಗರದಲ್ಲಿ, ಬಂಧುಗಳ ಮನೆಯೊಂದರಲ್ಲಿ, ಆ ಮನೆಯ ಹುಡುಗಿಯ ಹಲ್ಲಿಗೆ ತಂತಿ ಹಾಕಿಸಬೇಕೆ ಬೇಡವೆ ಎಂಬ ಚರ್ಚೆಯ ರೂಪದಲ್ಲಿ. ಹುಡುಗಿಗೆ ಹದಿಮೂರು ವರ್ಷ. ಮೇಲಿನ ಕೋರೆಹಲ್ಲೊಂದು ಸಾಲಿನಲ್ಲಿ ಎಡೆ ಸಾಲದೆ ವಸಡಿನ ಮೇಲ್ಭಾಗದಲ್ಲಿಯೇ ಹೊರಚಾಚಿ ತುಟಿಯನ್ನು ಒತ್ತುತ್ತಿತ್ತು. ಮುಂಬಲ್ಲುಗಳು ಒಂದರ ಮೇಲೊಂದು ಓರೆಯಾಗಿ ಬಂದಿದ್ದುವು. ತಾಯಿ ತಂತಿಯ ಪಕ್ಷ. ಧಾರವಾಡದ ಕಡೆಯಿಂದ ಬಂದ ಅಜ್ಜಿ ದೈವದ ಪಕ್ಷ. “ಬ್ರಹ್ಮ ಕೊಟ್ಟದ್ದನ್ನ ತಂತಿ ಕಟ್ಟಿ ಎಳಿತೀರೇನು? ದಾನಾ ಬಂದ ಆಕಳದ ಹಲ್ಲು ಎಣಸಬಾರದವಾ” ಎಂದು ಅವರು ಒಂದೇ ಗಾದೆಯಿಂದ ಮಾತನ್ನು ಮುಗಿಸಿಬಿಟ್ಟರು. ಯಾರ ಹಲ್ಲಿನ ವಿಚಾರವಾಗಿ ಇಷ್ಟೆಲ್ಲ ನಡೆದಿತ್ತೊ ಅವಳು ಮಾತ್ರ ತುಟಿ ಬಿಚ್ಚಲಿಲ್ಲ.

ಕವಿರಾಜಮಾರ್ಗಕಾರನು ಕನ್ನಡ ನಾಡಿಗೆ ಹಾಕಿದ ಬಡಗಣ ಎಲ್ಲೆ ಗೋದಾವರಿ; ನಾಗಪುರವು ಅದಕ್ಕಿಂತಲೂ ಬಹುದೂರ ಉತ್ತರಕ್ಕಿದೆ. ಹಾಗಿದ್ದರೂ ಕನ್ನಡಿಗನು ಬಜಾಜ್ ನಗರದಲ್ಲಿ ಪರಕೀಯನೆಂದುಕೊಳ್ಳಬೇಕಾದ್ದಿಲ್ಲ. 1960ರಲ್ಲಿ ಸ್ಥಾಪಿತವಾಗಿ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಎಂಜಿನಿಯರಿಂಗ್ ವಿದ್ಯಾಲಯದ ವಿಶಾಲವಾದ ಆವರಣ ಆ ಬಡಾವಣೆಯ ಮಗ್ಗುಲಲ್ಲಿಯೇ ಇದೆ. ಅಲ್ಲಿಂದ ಇನ್ನಷ್ಟು ನಡೆದರೆ ದೀಕ್ಷಾಭೂಮಿ. 1956ನೆಯ ಇಸವಿ ಅಕ್ಟೋಬರ್ 14ರಂದು ಡಾಕ್ಟರ್ ಅಂಬೇಡ್ಕರರು ಲಕ್ಷಾಂತರ ಅನುಯಾಯಿಗಳೊಡನೆ ಬುದ್ಧನಿಗೆ ಶರಣಾದ ಸ್ಥಳವದು. ಹುಟ್ಟಿನಿಂದ ಬಂದದ್ದಕ್ಕೆ ತಲೆಬಾಗಿ ಕೂರಬೇಕಾದ್ದಿಲ್ಲವೆಂದು ಇಷ್ಟು ಗಟ್ಟಿಯಾಗಿ ಸಾರಿದ ನೆಲದ ಸಮೀಪದಲ್ಲಿ ಅಜ್ಜಿಯ ಗಾದೆಯನ್ನು ಕೇಳಿದ್ದರಿಂದಲೇ ಅದನ್ನು ಸುಮ್ಮನೆ ಬಿಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ.

ದಾನದ ಆಕಳನ್ನು ಪರೀಕ್ಷಿಸಿದ ಬಾಲಕನೊಬ್ಬನು ನಮ್ಮ ಉಪನಿಷತ್ತಿನಲ್ಲಿಯೇ ಇದ್ದಾನೆ. ತಂದೆಯು ಯಜ್ಞದಲ್ಲಿ ಕೊಡುತ್ತಿದ್ದ ಹಸುಗಳು ಮೇವು ನೀರುಗಳ ಕಾಲ ಕಳೆದು ಹಾಲು ಬತ್ತಿದ ಮುದಿಹಸುಗಳೆಂಬುದನ್ನು ಕಂಡು ಸುಮ್ಮನಿರಲಾರದೆ ಹೋದ ನಚಿಕೇತನು ಆ ಪರೀಕ್ಷೆಯ ದಾರಿಯಿಂದಲೇ ಯಮನ ಮನೆಯ ಬಾಗಿಲಿಗೂ ಅಲ್ಲಿಂದ ಆತ್ಮವಿದ್ಯೆಗೂ ಹೋದವನು. ಅವನು ನೋಡಿದ್ದು ಕೊಡುವವರ ಮನೆಯಲ್ಲಿ ನಿಂತು, ನಾವು ನೋಡುವುದು ಪಡೆದವರ ಮನೆಯಲ್ಲಿ ಕುಳಿತು, ಎಂದು ಅಜ್ಜಿ ಆಕ್ಷೇಪಿಸಿಯಾರು, ಆಕ್ಷೇಪ ಸರಿಯೇ. ಆದರೂ ಬಂದದ್ದನ್ನು ಕಣ್ತೆರೆದು ನೋಡುವುದೇ ಕೃತಘ್ನತೆಯೆಂದು ಶ್ರುತಿಯು ಎಣಿಸಲಿಲ್ಲವೆಂಬಷ್ಟನ್ನು ಈ ಕಥೆಯಿಂದ ನಾವು ಪಡೆಯಬಹುದು.

ಅಜ್ಜಿಯ ಮಾತಿನ ಹಿಂದೆ ಗಾದೆಗಿಂತ ಬಲವಾದ ಒಂದು ಸಿದ್ಧಾಂತವುಂಟು: ಅಂಗವೈಕಲ್ಯವು ಜನ್ಮಾಂತರದ ಕರ್ಮಫಲವೆಂಬುದು. ಸುರಾಪಾನ ಮಾಡಿದವನು ಮರುಹುಟ್ಟಿನಲ್ಲಿ ಕಪ್ಪು ಹಲ್ಲಿನವನಾಗುತ್ತಾನೆಂದು ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ ಹೇಳುತ್ತದೆ. ದೀಘನಿಕಾಯದ ಲಕ್ಖಣಸುತ್ತವು ಇದೇ ತರ್ಕವನ್ನು ಮಂಗಳದ ಕಡೆಗೆ ತಿರುಗಿಸಿ, ಮಹಾಪುರುಷನ 32 ಲಕ್ಷಣಗಳಲ್ಲಿ ನಾಲ್ಕನ್ನು ಹಲ್ಲಿಗೇ ಮೀಸಲಿಟ್ಟಿದೆ. ಅವನಿಗೆ 40 ಹಲ್ಲುಗಳು, ಅವು ಸಮವಾದವು, ನಡುವೆ ಎಡೆಯಿಲ್ಲದವು, ಕೋರೆಗಳು ಶುಭ್ರವಾದವು. ಚಾಡಿಯ ಮಾತನ್ನಾಡಿ ಸ್ನೇಹಿತರನ್ನು ಅಗಲಿಸದೆ ಬಾಳಿದ್ದರ ಫಲವಾಗಿ ಎಡೆಯಿಲ್ಲದ ದಂತಪಂಕ್ತಿಯೂ, ಸುಳ್ಳು ತಕ್ಕಡಿ ಸುಳ್ಳು ಅಳತೆಗಳನ್ನು ಬಿಟ್ಟು ಪ್ರಾಮಾಣಿಕವಾಗಿ ಜೀವನ ನಡೆಸಿದ್ದರ ಫಲವಾಗಿ ಸಮದಂತಗಳೂ ದೊರೆಯುತ್ತವೆಂದು ಸುತ್ತದ ವಿವರಣೆ. ಕಾವ್ಯವಾಗಿ ಇದು ಬಹಳ ಸೊಗಸು. ಜನರ ನಡುವೆ ಬಿರುಕನ್ನುಂಟುಮಾಡದವನ ಹಲ್ಲಿನಲ್ಲಿಯೂ ಬಿರುಕಿಲ್ಲ. ಆದರೆ ಕಾವ್ಯವನ್ನು ತಿರುವುಮುರುವಾಗಿ ಓದಿ, ಹಲ್ಲು ಸೊಟ್ಟಗಿರುವ ಹದಿಮೂರರ ಬಾಲೆಯು ಹಿಂದಿನ ಜನ್ಮದಲ್ಲಿ ಖೊಟ್ಟಿ ತಕ್ಕಡಿಯ ವರ್ತಕಳಾಗಿದ್ದಳೆಂದು ನಿರ್ಣಯಿಸಹೊರಟರೆ ಅದು ಸೊಗಸೂ ಅಲ್ಲ, ಧರ್ಮವೂ ಅಲ್ಲ.

ಈ ತಿರುವುಮುರುವಿನ ಓದನ್ನು ಅತ್ಯಂತ ತೀಕ್ಷ್ಣವಾಗಿ ಖಂಡಿಸಿದವರು ಅಂಬೇಡ್ಕರರೇ. ಅವರ ಮರಣಾನಂತರ 1957ರಲ್ಲಿ ಪ್ರಕಟವಾದ, ಬುದ್ಧನನ್ನೂ ಅವನ ಧಮ್ಮವನ್ನೂ ಕುರಿತ ಗ್ರಂಥದಲ್ಲಿ, ಪೂರ್ವಜನ್ಮದ ಕರ್ಮವೇ ಈ ಜನ್ಮದ ಸ್ಥಿತಿಯನ್ನು ನಿರ್ಧರಿಸುತ್ತದೆಂಬ ವಾದವು ಬುದ್ಧನ ಬೋಧೆಯೊಡನೆ ಹೊಂದುವುದಿಲ್ಲವೆಂದೂ, ಬಡವನ ಬಡತನದ ಹೊಣೆಯಿಂದ ಸಮಾಜವನ್ನು ಪಾರುಮಾಡುವುದಕ್ಕಷ್ಟೇ ಅದು ಒದಗುತ್ತದೆಂದೂ ಅವರು ವಾದಿಸಿದ್ದಾರೆ. ಲಕ್ಖಣಸುತ್ತವನ್ನು ಪವಿತ್ರವೆಂದು ಪಠಿಸುವ ಪರಂಪರೆಯೊಳಕ್ಕೇ ಬಂದು ಅವರು ಹೀಗೆಂದರೆಂಬುದನ್ನು ಮರೆಯಬಾರದು. ಪರಂಪರೆಯನ್ನು ಗೌರವಿಸುತ್ತಲೇ ಅದರೊಡನೆ ಜಗಳವಾಡುವ ಧೈರ್ಯ ನಮ್ಮಲ್ಲಿ ಎಷ್ಟು ಮಂದಿಗುಂಟು?

ಜೈನರ ವಿಚಾರವು ಇಲ್ಲಿ ಇನ್ನೂ ಸೂಕ್ಷ್ಮವಾದದ್ದು. ಅದು ನಮ್ಮ ನಾಡಿನದೇ ಆಸ್ತಿಯಾದ್ದರಿಂದ ಸ್ವಲ್ಪ ನಿಂತು ನೋಡತಕ್ಕದ್ದು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ಚಾವುಂಡರಾಯನ ನಿಮಿತ್ತವಾಗಿ ರಚಿಸಿದ ಗೊಮ್ಮಟಸಾರದಲ್ಲಿ, ದೇಹದ ಆಕಾರವನ್ನು ನಿರ್ಣಯಿಸುವುದು ನಾಮಕರ್ಮವೆಂಬ ಒಂದು ಕರ್ಮಪ್ರಕೃತಿ. ಅದರಿಂದ ಸಮಚತುರಸ್ರದಿಂದ ಮೊದಲ್ಗೊಂಡು ಕುಬ್ಜ, ವಾಮನ, ಹುಂಡಕಗಳವರೆಗೆ ಆರು ಬಗೆಯ ಸಂಸ್ಥಾನಗಳು. ಇಷ್ಟರವರೆಗೆ ಅದೂ ಕರ್ಮವಾದವೇ. ಆದರೆ ಜೈನಶಾಸ್ತ್ರವು ಕರ್ಮಗಳನ್ನು ಘಾತಿ, ಅಘಾತಿ ಎಂದು ಎರಡಾಗಿ ಒಡೆದು, ನಾಮಕರ್ಮವನ್ನು ಅಘಾತಿಯ ಪಂಕ್ತಿಯಲ್ಲಿ ಕೂರಿಸಿದೆ. ಎಂದರೆ ಅದು ದೇಹವನ್ನು ಹೇಗೆ ಬೇಕಾದರೂ ಬಳುಕಿಸಬಹುದು, ಜೀವದ ಜ್ಞಾನ ದರ್ಶನಗಳನ್ನು ಮುಟ್ಟಲಾರದು. ಈ ವಿಭಾಗವೊಂದನ್ನು ನಾವು ನೆನಪಿನಲ್ಲಿಟ್ಟುಕೊಂಡಿದ್ದರೆ ಕುಂಟ ಕುರುಡ ಗೂನರನ್ನು ಕುರಿತು ನಮ್ಮ ಸಮಾಜವು ಆಡಿರುವ ಮಾತುಗಳಲ್ಲಿ ಅರ್ಧಕ್ಕರ್ಧ ಹುಟ್ಟುತ್ತಲೇ ಇರಲಿಲ್ಲ. ಶ್ರವಣಬೆಳಗೊಳದಲ್ಲಿ ಇದಕ್ಕೆ ಒಂದು ಬಗೆಯ ಸಾಕ್ಷ್ಯವೂ ಇದೆ: ಚಾವುಂಡರಾಯನು ನಿಲ್ಲಿಸಿದ ಬಾಹುಬಲಿಯ ಬಿಂಬವು ಪ್ರಮಾಣಬದ್ಧತೆಯ ಪರಾಕಾಷ್ಠೆ, ಅದರ ಪಾದದಲ್ಲಿ ಕುಳಿತು ಧ್ಯಾನಿಸುವ ದಿಗಂಬರ ಮುನಿಗಾದರೋ 28 ಮೂಲಗುಣಗಳಲ್ಲಿ ಅದಂತಧಾವನವೂ ಒಂದು, ಅವನು ಹಲ್ಲನ್ನು ಉಜ್ಜುವುದೂ ಇಲ್ಲ.

ವೈದಿಕ ಪರಂಪರೆಯಲ್ಲಿ ಈ ಪ್ರಶ್ನೆಯ ನಾಯಕನೆನ್ನಬೇಕಾದವನು ಅಷ್ಟಾವಕ್ರ. ಜನಕನ ಸಭೆಯು ಅವನ ಡೊಂಕನ್ನು ಕಂಡು ನಕ್ಕಿತೆಂದೂ, ಚರ್ಮವನ್ನು ಮಾತ್ರ ನೋಡಬಲ್ಲವರ ಸಭೆ ಇದೆಂದು ಅವನು ಛೀಮಾರಿ ಹಾಕಿದನೆಂದೂ ಹರಿಕಥೆಯವರು ಹೇಳುತ್ತಾರೆ. ಆದರೆ ಮಹಾಭಾರತದ ವನಪರ್ವದಲ್ಲಿ ಅವನನ್ನು ಬಾಗಿಲಲ್ಲಿ ತಡೆಯುವುದು ಎಳೆಯ ವಯಸ್ಸಿನ ಕಾರಣಕ್ಕೆ. ಆ ಪರ್ವದ ಕಥೆಯ ಕಡೆಯಲ್ಲಿ ಒಂದು ಸಂಗತಿಯಿದೆ. ವೇದಾಂತದ ಉಪನ್ಯಾಸಗಳಲ್ಲಿ ಅದನ್ನು ಯಾರೂ ಎತ್ತುವುದಿಲ್ಲ. ಗರ್ಭದಲ್ಲಿದ್ದಾಗಲೇ ತಂದೆಯ ವೇದಪಾಠದಲ್ಲಿ ತಪ್ಪು ಹಿಡಿದು, ಆ ತಂದೆಯಿಂದಲೇ ಎಂಟು ಕಡೆ ವಕ್ರನಾಗೆಂದು ಶಾಪ ಪಡೆದ ಮಗನು, ಜನಕನ ಆಸ್ಥಾನಪಂಡಿತನಾದ ವಂದಿಯನ್ನು ವಾದದಲ್ಲಿ ಸೋಲಿಸಿ, ನೀರಿನಲ್ಲಿ ಮುಳುಗಿಸಲ್ಪಟ್ಟಿದ್ದ ಆ ತಂದೆಯನ್ನು ಬಿಡಿಸಿ ತಂದಾಗ, ತಂದೆಯಾದ ಕಹೋಡನು ಅವನಿಗೆ ಸಮಂಗಾ ನದಿಯಲ್ಲಿ ಮೀಯಲು ಹೇಳುತ್ತಾನೆ. ಮಿಂದು ಎದ್ದವನ ಅಂಗಗಳೆಲ್ಲ ನೆಟ್ಟಗಾಗುತ್ತವೆ. ದೇಹವು ಮಿಥ್ಯೆಯೆಂದು ಬಲ್ಲ ಜ್ಞಾನಿಗೆ ಈ ಸ್ನಾನವೇಕೆ ಬೇಕಾಯಿತು? ನಾನು ಅರ್ಥಮಾಡಿಕೊಂಡಿರುವಂತೆ ವ್ಯಾಸರಿಗೆ ಇಲ್ಲಿ ವಿರೋಧವೇ ಕಂಡಿರಲಾರದು. ವಕ್ರನಾಗಿದ್ದಾಗ ಅವನು ಕಡಮೆಯವನಾಗಿರಲಿಲ್ಲ. ನೆಟ್ಟಗಾದದ್ದರಿಂದ ಹೆಚ್ಚಿನವನೂ ಆಗಲಿಲ್ಲ. ಆದರೂ ಶಾಪ ಕೊಟ್ಟ ತಂದೆಯು ಅದನ್ನು ತನ್ನ ಕೈಯಿಂದಲೇ ಹಿಂತೆಗೆದುಕೊಳ್ಳುವುದು ನ್ಯಾಯ, ಮಗನು ನೋವಿಲ್ಲದೆ ನಡೆದಾಡುವುದು ಸುಖ. ಬ್ರಹ್ಮಜ್ಞಾನವು ನ್ಯಾಯವನ್ನಾಗಲಿ ಸುಖವನ್ನಾಗಲಿ ಬೇಡವೆಂದು ತಳ್ಳಬೇಕಾದ್ದಿಲ್ಲ. ಭಾಗವತದಲ್ಲಿ ಮಥುರೆಯ ಬೀದಿಯಲ್ಲಿ ಮೂರು ಬಾಗಿನ ಕುಬ್ಜೆಯನ್ನು ಕೃಷ್ಣನು ನೆಟ್ಟಗೆ ಮಾಡಿದ ರೀತಿಯನ್ನೂ ನೋಡಬೇಕು: ಅವಳ ಪಾದಗಳನ್ನು ತನ್ನ ಪಾದಗಳಿಂದ ಅದುಮಿ, ಎರಡೇ ಬೆರಳುಗಳನ್ನು ಗಲ್ಲದ ಕೆಳಗಿಟ್ಟು ಮೇಲೆತ್ತಿದನು. ಅಲ್ಲಿರುವುದು ಒಂದು ನೆಲೆ, ಒಂದು ಮೃದುವಾದ ಎಳೆತ, ಇಷ್ಟೇ.

ದಂತವೈದ್ಯನ ವಿದ್ಯೆಯಲ್ಲಿರುವುದೂ ಈ ಎರಡೇ. ಹಲ್ಲು ದವಡೆಯ ಮೂಳೆಯಲ್ಲಿ ಗೋಡೆಗೆ ಹೊಡೆದ ಮೊಳೆಯ ಹಾಗೆ ನೆಟ್ಟಿದೆಯೆಂದು ನಾವು ತಿಳಿದಿರುತ್ತೇವೆ, ಅದು ಹಾಗಿಲ್ಲ. ಬೇರಿಗೂ ಮೂಳೆಗೂ ನಡುವೆ ಮಿಲಿಮೀಟರಿನ ಕಾಲುಭಾಗದಷ್ಟು ತೆಳುವಾದ ಒಂದು ಜೀವಂತ ತಂತುಪದರವಿದ್ದು, ಹಲ್ಲು ಅದರಲ್ಲಿ ತೂಗಿಕೊಂಡಿದೆ. ತಂತಿಯು ಹಲ್ಲನ್ನು ಒಂದು ಕಡೆಗೆ ಒತ್ತಿದಾಗ ಆ ಪಾರ್ಶ್ವದ ಮೂಳೆಯನ್ನು ಕರಗಿಸುವ ಕಣಗಳೂ, ಎಳೆತಕ್ಕೆ ಸಿಕ್ಕ ಎದುರು ಪಾರ್ಶ್ವದಲ್ಲಿ ಹೊಸ ಮೂಳೆಯನ್ನು ಕಟ್ಟುವ ಕಣಗಳೂ ಎಚ್ಚೆತ್ತು ದುಡಿಯುತ್ತವೆ. ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಯುತ್ತದೆ. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ ಎಂಬ ವೈದ್ಯನು 1904ರ ಸುಮಾರಿಗೆ ನಾಯಿಗಳಲ್ಲಿ ಇದನ್ನು ಪರೀಕ್ಷಿಸಿ, ಬಲವು ಮಿತಿಮೀರಿದರೆ ಒತ್ತಡದ ಎಡೆಯ ಜೀವಕಣಗಳು ಸತ್ತು ಹಲ್ಲು ಸರಿಯುವುದೇ ನಿಂತುಹೋಗುತ್ತದೆಂಬುದನ್ನು ಕಂಡನು. ಹಲ್ಲೊಂದನ್ನು ಓಲಿಸಲು ಬೇಕಾದದ್ದು 35ರಿಂದ 60 ಗ್ರಾಂಗಳಷ್ಟು ಬಲ. ಹೆಚ್ಚು ಎಳೆದರೆ ಹೆಚ್ಚು ಬೇಗನೆ ಬರುತ್ತದೆಂಬ ನಮ್ಮ ಲೌಕಿಕ ತರ್ಕವು ಇಲ್ಲಿ ನಡೆಯದು. ಮೃದುತ್ವವನ್ನು ನೀತಿಯೆಂದು ಬೋಧಿಸುವವರಿಗೆ, ಅದು ಮೂಳೆಯೊಳಗಿನ ನಿಯಮವೂ ಆಗಿದೆಯೆಂಬ ಸಂಗತಿ ಸಂತೋಷವನ್ನು ಕೊಡಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಮಾತಿಗೂ ಇಲ್ಲಿ ಅಪವಾದವುಂಟು: ತಂತುಪದರವೂ ಮೂಳೆಯೂ ಆರೋಗ್ಯವಾಗಿರುವವರೆಗೆ ನಲವತ್ತರ ಹಲ್ಲೂ ಸರಿಯುತ್ತದೆ, ಕೊಂಚ ತಡವಾಗಿ.

ಇನ್ನು, ದೈವವು ಕೊಟ್ಟದ್ದು ಯಾವುದು? ಈ ಶಾಸ್ತ್ರಕ್ಕೆ ಅಡಿಗಲ್ಲಿಟ್ಟ ಅಮೆರಿಕದ ಎಡ್ವರ್ಡ್ ಆಂಗಲ್, 1899ರಲ್ಲಿ ದಂತವಕ್ರತೆಯನ್ನು ಮೂರು ವರ್ಗಗಳಾಗಿ ವಿಂಗಡಿಸಿದ ಮೇಧಾವಿ, ಅಜ್ಜಿಯಂತೆಯೇ ಆಸ್ತಿಕವಾದ ಒಂದು ನಂಬಿಕೆಯನ್ನಿಟ್ಟುಕೊಂಡಿದ್ದನು. ಮನುಷ್ಯನಿಗೆ ಸಲ್ಲಬೇಕಾದ ಹಲ್ಲುಗಳಷ್ಟೂ ಅವನ ಬಾಯಲ್ಲಿ ಹಿಡಿಸಲೇಬೇಕು, ಒಂದನ್ನೂ ಕೀಳಕೂಡದು ಎಂಬುದು ಅವನ ಹಟ. ತಂದೆಯ ದವಡೆಯೂ ತಾಯಿಯ ಹಲ್ಲೂ ಒಂದೇ ಬಾಯಲ್ಲಿ ಕೂಡಿದಾಗ ಎಲ್ಲ ಹಲ್ಲುಗಳಿಗೂ ಎಡೆಯಿರಬೇಕೆಂಬ ನಿಯಮವೆಲ್ಲಿದೆಯೆಂದು ಕ್ಯಾಲ್ವಿನ್ ಕೇಸ್ 1911ರಲ್ಲಿ ವಾದಿಸಿ, ಆಂಗಲನ ಪಂಥದವರಿಂದ ಬಹಳ ಬೈಸಿಕೊಂಡನು. ಕಡೆಗೆ ಆಂಗಲನ ಶಿಷ್ಯನಾದ ಚಾರ್ಲ್ಸ್ ಟ್ವೀಡನೇ ಗುರುವಿನ ಮರಣದ ತರುವಾಯ ಕಿರುದವಡೆಹಲ್ಲುಗಳನ್ನು ಕೀಳಿಸಿ ಸಾಲನ್ನು ಸರಿಪಡಿಸಲು ತೊಡಗಿದನು. ಆಸ್ಟ್ರೇಲಿಯದ ಬೆಗ್ 1954ರಲ್ಲಿ ಇದಕ್ಕೆ ಇನ್ನೊಂದು ಮುಖವನ್ನು ತೋರಿಸಿದನು: ಒರಟು ಆಹಾರವನ್ನು ಅಗಿದು ಬಾಳಿದ ಮೂಲನಿವಾಸಿಗಳ ಹಲ್ಲುಗಳು ಪಕ್ಕಗಳಲ್ಲಿಯೂ ಸವೆದು ಸಾಲಿನಲ್ಲಿ ತಾವೇ ಎಡೆ ಮಾಡಿಕೊಳ್ಳುತ್ತಿದ್ದುವು. ಮೆತ್ತಗೆ ಬೇಯಿಸಿದ ಅನ್ನವನ್ನೂ ಬಿಸ್ಕತ್ತನ್ನೂ ತಿಂದು ಬೆಳೆದ ನಮ್ಮ ಮಕ್ಕಳ ದವಡೆಗೆ ಆ ವ್ಯಾಯಾಮವೂ ಇಲ್ಲ, ಹಲ್ಲಿಗೆ ಆ ಸವೆತವೂ ಇಲ್ಲ. ಇದನ್ನು ಒಪ್ಪುವುದಾದರೆ ಮೊಮ್ಮಗಳ ಬಾಯಲ್ಲಿ ಬ್ರಹ್ಮನ ಕೈವಾಡ ಎಷ್ಟು, ಅಡುಗೆಮನೆಯ ಕೈವಾಡ ಎಷ್ಟು ಎಂದು ವಿಂಗಡಿಸುವ ಕೆಲಸವನ್ನು ಅಜ್ಜಿಗೇ ಒಪ್ಪಿಸಬೇಕಾಗುತ್ತದೆ.

ಇಸ್ಲಾಮಿನ ಧರ್ಮಜ್ಞರು ಈ ಗೆರೆಯನ್ನು ಬೇರೊಂದು ಕಡೆಯಲ್ಲಿ ಎಳೆದಿದ್ದಾರೆ. ಚೆಲುವಿಗಾಗಿ ಹಲ್ಲುಗಳನ್ನು ಅರದಿಂದ ತೇಯಿಸಿ ನಡುವೆ ಸಂದು ಮಾಡಿಸಿಕೊಳ್ಳುವವರನ್ನು ಪ್ರವಾದಿಯ ಹದೀಸು ನಿಂದಿಸುತ್ತದೆ. ದೇವರ ಸೃಷ್ಟಿಯನ್ನು ಮಾರ್ಪಡಿಸಿದ ದೋಷ ಅವರಿಗೆ. ಅಂದು ಅರೇಬಿಯದಲ್ಲಿ ಹಣಕೊಟ್ಟು ಮಾಡಿಸಿಕೊಳ್ಳುತ್ತಿದ್ದ ಸಂದನ್ನು ಇಂದು ನಾವು ಹಣಕೊಟ್ಟು ಮುಚ್ಚಿಸಿಕೊಳ್ಳುತ್ತೇವೆಂಬುದು ಸೌಂದರ್ಯಶಾಸ್ತ್ರಜ್ಞರು ಗಮನಿಸತಕ್ಕ ಮಾತು. ಆದರೆ ಯುದ್ಧದಲ್ಲಿ ಮೂಗನ್ನು ಕಳೆದುಕೊಂಡ ಅರ್ಫಜನಿಗೆ ಚಿನ್ನದ ಮೂಗನ್ನು ಹಾಕಿಸಿಕೊಳ್ಳಲು ಅದೇ ಪ್ರವಾದಿ ಹೇಳಿದರೆಂದೂ, ಅದರ ಆಧಾರದ ಮೇಲೆ ಹಲ್ಲುಗಳನ್ನು ಚಿನ್ನದಿಂದ ಕಟ್ಟಿಸಿಕೊಂಡ ವಿದ್ವಾಂಸರುಂಟೆಂದೂ ಹದೀಸಿನ ಸಂಗ್ರಹಗಳಲ್ಲಿದೆ. ಕುಂದನ್ನು ನೀಗುವುದು ಸಲ್ಲುತ್ತದೆ, ಕುಂದಿಲ್ಲದ್ದನ್ನು ಬೆಡಗಿಗಾಗಿ ಕೆದಕುವುದು ಸಲ್ಲದು.

ಈ ಭೇದವನ್ನೇ ನಮ್ಮ ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದ ಸಮನ್ವಯಾಧಿಕರಣದಲ್ಲಿ ಶಾಸ್ತ್ರೀಯವಾಗಿ ಇಟ್ಟಿದ್ದಾರೆ. ಕ್ರಿಯೆಯಿಂದ ಆಗುವುದೆಲ್ಲ ನಾಲ್ಕೇ ಬಗೆ: ಇಲ್ಲದ್ದು ಹುಟ್ಟಬೇಕು, ದೂರದ್ದು ದೊರೆಯಬೇಕು, ಇದ್ದದ್ದು ವಿಕಾರಗೊಳ್ಳಬೇಕು, ಇಲ್ಲವೆ ಸಂಸ್ಕಾರಗೊಳ್ಳಬೇಕು, ಸಂಸ್ಕಾರವೂ ಗುಣವನ್ನು ಕೂಡಿಸುವುದರಿಂದಲೊ ದೋಷವನ್ನು ಕಳೆಯುವುದರಿಂದಲೊ ಆಗುತ್ತದೆ. ಆಚಾರ್ಯರು ಇದನ್ನು ಹೇಳಿದ್ದು ಮೋಕ್ಷವು ಈ ನಾಲ್ಕರಲ್ಲಿ ಯಾವುದೂ ಅಲ್ಲ, ಆತ್ಮನಿಗೆ ಕೂಡಿಸತಕ್ಕ ಗುಣವೂ ಇಲ್ಲ ಕಳೆಯತಕ್ಕ ದೋಷವೂ ಇಲ್ಲವೆಂಬುದನ್ನು ಸ್ಥಾಪಿಸುವುದಕ್ಕಾಗಿ. ಅವರ ಮಾತಿನ ಬೆನ್ನು ಹಿಡಿದು ಹೊರಟರೆ ನಮ್ಮ ಪ್ರಶ್ನೆಯ ಗಂಟು ಸಡಿಲವಾಗುತ್ತದೆ. ಹಲ್ಲು ಸಂಸ್ಕಾರ್ಯ ವಸ್ತು. ಅದಕ್ಕೆ ದೋಷಾಪನಯನ ಮಾಡುವುದರಲ್ಲಿ ಅಧರ್ಮದ ಲೇಶವೂ ಇಲ್ಲ, ಪಾತ್ರೆಯನ್ನು ಬೆಳಗುವುದರಲ್ಲಿ ಇಲ್ಲದಂತೆ. ಆದರೆ ಹಲ್ಲು ಸರಿಯಾದದ್ದರಿಂದ ‘ನಾನು’ ಸರಿಯಾದೆನೆಂದಾಗಲಿ, ಹಲ್ಲು ಸೊಟ್ಟಗಿರುವುದರಿಂದ ‘ಅವಳು’ ಸೊಟ್ಟವಳೆಂದಾಗಲಿ ತಿಳಿದರೆ ಸಂಸ್ಕಾರ್ಯವಲ್ಲದ್ದರ ಮೇಲೆ ಸಂಸ್ಕಾರ್ಯವನ್ನು ಹೊರಿಸಿದ ಹಾಗಾಯಿತು. ಆಚಾರ್ಯರು ಅಧ್ಯಾಸವೆನ್ನುವುದು ಇದನ್ನೇ. ಬಜಾಜ್ ನಗರದ ಆ ಮನೆಯಲ್ಲಿ ನಡೆದ ವಾದದಲ್ಲಿ ಅಧ್ಯಾಸವು ಅಜ್ಜಿಯ ಪಕ್ಷದಲ್ಲಿ ಇದ್ದಷ್ಟೇ ತಾಯಿಯ ಪಕ್ಷದಲ್ಲಿಯೂ ಇತ್ತು. ‘ನಾಳೆ ಗಂಡಿನವರು ನೋಡಲು ಬಂದಾಗ ಏನೆನ್ನುತ್ತಾರೆ’ ಎಂದು ಆಕೆ ಕೇಳಿದ್ದು ನನಗೆ ಅಜ್ಜಿಯ ಗಾದೆಗಿಂತಲೂ ಕೆಟ್ಟದಾಗಿ ಕೇಳಿಸಿತು.

ತಂತಿಯನ್ನು ಬಿಚ್ಚಿದ ತರುವಾಯದ ಸಂಗತಿಯನ್ನು ಹೇಳದಿದ್ದರೆ ವಿಷಯ ಅಪೂರ್ಣವಾಗುತ್ತದೆ. ಒಂದೂವರೆ ಎರಡು ವರ್ಷಗಳ ಎಳೆತದಿಂದ ಸಾಲಿಗೆ ಬಂದ ಹಲ್ಲುಗಳು, ಬಂಧನ ಕಳಚಿದ ಕೂಡಲೆ ತಮ್ಮ ಹಳೆಯ ಜಾಗದ ಕಡೆಗೆ ವಾಲತೊಡಗುತ್ತವೆ. ವಸಡಿನ ತಂತುಗಳು ಎಳೆಯಲ್ಪಟ್ಟ ನೆನಪನ್ನು ಬಹುಕಾಲ, ಕೆಲವೊಮ್ಮೆ ವರ್ಷಕ್ಕೂ ಮೀರಿ, ಉಳಿಸಿಕೊಂಡಿರುತ್ತವೆ. ಆದ್ದರಿಂದ ವೈದ್ಯರು ರಿಟೇನರ್ ಎಂಬ ಸಾಧನವನ್ನು ಕೊಟ್ಟು, ಮೊದಲು ಹಗಲೂ ರಾತ್ರಿಯೂ, ಆಮೇಲೆ ರಾತ್ರಿಗಳಲ್ಲಿ, ವರ್ಷಾಂತರಗಳವರೆಗೆ ಅದನ್ನು ಧರಿಸಬೇಕೆಂದು ವಿಧಿಸುತ್ತಾರೆ. ಬಹುಮಂದಿ ಎಡವುವುದು ಇಲ್ಲಿಯೇ. ಸಾವಿರಾರು ರೂಪಾಯಿ ಕೊಟ್ಟು ನೋವುಂಡವರು ಅಗ್ಗದ ಈ ವ್ರತವನ್ನು ಆರು ತಿಂಗಳಲ್ಲಿ ಕೈಬಿಡುತ್ತಾರೆ. ದೀರ್ಘಕಾಲ, ಎಡೆಬಿಡದೆ, ಆದರದಿಂದ ಮಾಡಿದ ಅಭ್ಯಾಸವೇ ದೃಢಭೂಮಿಯಾಗುವುದೆಂದು ಯೋಗಸೂತ್ರವು ಚಿತ್ತವನ್ನು ಕುರಿತು ಹೇಳಿದ್ದು ದಂತಕ್ಕೂ ಯಥಾವತ್ತಾಗಿ ಅನ್ವಯಿಸುತ್ತದೆ. ನಮ್ಮ ಉಪನಯನ, ದೀಕ್ಷೆ, ಲಿಂಗಧಾರಣೆಗಳ ಗತಿಯೂ ಅನೇಕ ವೇಳೆ ಇದೇ ಅಲ್ಲವೆ? ಸಂಸ್ಕಾರದ ದಿನದಂದು ಇದ್ದ ಸಡಗರವು ಅದನ್ನು ಉಳಿಸಿಕೊಳ್ಳುವ ದಿನಗಳಲ್ಲಿ ಇರುವುದಿಲ್ಲ.

ಅಂದಿನ ಚರ್ಚೆಯಲ್ಲಿ ನನ್ನನ್ನು ಕೇಳಿದಾಗ ನಾನು ತಂತಿಯ ಪಕ್ಷಕ್ಕೇ ಮತ ಕೊಟ್ಟೆನು, ತಾಯಿಯ ಕಾರಣವನ್ನು ಮಾತ್ರ ಒಪ್ಪದೆ. ಆ ಕೋರೆಹಲ್ಲಿನ ಹಿಂದೆ ಕುಂಚವು ಹೋಗಲಾರದೆ ಕೂಳು ನಿಂತು ಹುಳುಕಿಗೆ ದಾರಿಯಾಗುವಂತಿತ್ತು. ಅಗಿಯುವಾಗ ಮೇಲಿನ ಕೆಳಗಿನ ಹಲ್ಲುಗಳು ಕೂಡುತ್ತಿರಲಿಲ್ಲ. ದೋಷಾಪನಯನಕ್ಕೆ ಅಷ್ಟು ಸಾಕು. ಆದರೆ ಒಂದು ಹಲ್ಲು ಎಳ್ಳಷ್ಟು ಓರೆಯಾಗಿದ್ದು ಊಟಕ್ಕೂ ಶುಚಿಗೂ ಅಡ್ಡಿಯಿಲ್ಲದಿರುವಲ್ಲಿ, ಸಿನಿಮಾ ತಾರೆಯರ ದಂತಪಂಕ್ತಿಯನ್ನು ಅಳತೆಗೋಲಾಗಿಟ್ಟುಕೊಂಡು ಮಕ್ಕಳ ಬಾಯನ್ನು ಬಲವಂತವಾಗಿ ಕಟ್ಟಿಸುವುದು ನನಗೆ ಸಮ್ಮತವಿಲ್ಲ. ನಾಗಪುರದಿಂದ ತುಸು ದೂರದ ಸೇವಾಗ್ರಾಮದಲ್ಲಿ ಬಾಳಿದ ಬೊಚ್ಚುಬಾಯಿಯ ಮುದುಕರೊಬ್ಬರ ನಗೆಯನ್ನು ಈ ದೇಶವು ಎಷ್ಟು ಪ್ರೀತಿಸಿತೆಂಬುದನ್ನು ನೆನೆದರೆ, ನಗುವಿಗೆ ಸಮದಂತವೇ ಅಗತ್ಯವೆಂದು ಯಾರೂ ಹೇಳಲಾರರು.

ಬಜಾಜ್ ನಗರದಲ್ಲಾಗಲಿ ಬಸವನಗುಡಿಯಲ್ಲಾಗಲಿ ಮಕ್ಕಳ ಹಲ್ಲಿಗೆ ತಂತಿ ಹಾಕಿಸಹೊರಟ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಕಡಿತದಲ್ಲಿ, ಅಗಿತದಲ್ಲಿ, ಶುಚಿಯಲ್ಲಿ ತೊಂದರೆಯುಂಟೆ ಎಂದು ವೈದ್ಯರನ್ನು ಮೊದಲು ಕೇಳಿರಿ. ಖರ್ಚಿಗೆ ಅಂಜುವವರು ಸರಕಾರಿ ದಂತವೈದ್ಯಕೀಯ ವಿದ್ಯಾಲಯಗಳಲ್ಲಿ ವಿಚಾರಿಸಬಹುದು. ನಾಗಪುರದಲ್ಲಿ ಒಂದುಂಟು, ಬೆಂಗಳೂರಿನದು 1958ರಿಂದ ನಡೆದುಬಂದಿದೆ. ಆಮೇಲೆ ಗಂಡಿನವರು ಏನೆನ್ನುವರೆಂಬುದನ್ನು ಬದಿಗಿಟ್ಟು, ಎರಡು ವರ್ಷ ತಂತಿಯನ್ನು ಹೊರಬೇಕಾದವಳು ಏನೆನ್ನುವಳೆಂಬುದನ್ನು ಕೇಳಿರಿ. ವೈದ್ಯರು ಅವಶ್ಯವಿಲ್ಲವೆಂದು ಹೇಳಿ, ಮಗುವೂ ಬೇಡವೆಂದರೆ ಆ ಹಲ್ಲನ್ನು ಅದು ಇದ್ದ ಹಾಗೆಯೇ ಬಿಟ್ಟುಬಿಡಿರಿ.